ಬೇರು, ಮಣ್ಣು ಸೇರಿ ಇಪ್ಪತ್ತು ಕಿಲೋ

ಹತ್ತಿಯದೋ ಮೆಣಸಿನಕಾಯಿಯದೋ ಗೋವಿನಜೋಳದ್ದೋ ಹೊಲ. ಸಾಲುಗಳ ನಡುವೆ ಆಳೆತ್ತರದ ಕೆಲವು ಗಾಂಜಾ ಗಿಡ. ‘ಖಚಿತ ಮಾಹಿತಿ ಮೇರೆಗೆ’ ದಾಳಿ. ಇಬ್ಬರು ಪಂಚರು, ಒಬ್ಬ ಗೆಜೆಟೆಡ್ ಅಧಿಕಾರಿ, ಒಂದು ತೂಕದ ಯಂತ್ರ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಿತ್ತ ಗಿಡಗಳ ಹಿಂದೆ ಸಾಲಾಗಿ ನಿಂತ ಪೊಲೀಸರ ಫೋಟೊ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಓದುಗರಿಗೆ ಇಂಥ ಸುದ್ದಿ ಅಪರೂಪವೇನಲ್ಲ. ಗಿಡದ ತೂಕ, ಅದರ ‘ಅಂದಾಜು ಮೌಲ್ಯ’, ಹೊಲದವನ ಹೆಸರು, ಊರು ಎಲ್ಲವೂ ಅಚ್ಚಾಗುತ್ತವೆ. ಆತ ಎಷ್ಟು ತಿಂಗಳು ಒಳಗಿದ್ದ, ಯಾವ ಕಲಮಿನಡಿ ಶಿಕ್ಷೆಯಾಯಿತು, ಇಲ್ಲವೇ ಬಿಡುಗಡೆಯಾದನೇ ಎಂಬುದು ಮುಂದೆ ಯಾವ ಪುಟದಲ್ಲೂ ಬರುವುದಿಲ್ಲ.

ಆ ಬರದೇ ಹೋದ ಭಾಗವನ್ನೇ ನೋಡೋಣ.

ಮಾದಕವಸ್ತು ಕೇಸಿನಲ್ಲಿ ಜೈಲು ಸೇರಿದವರು ಎಂದೊಡನೆ ಸಿನಿಮಾ ಕಲಿಸಿದ ಒಂದು ಮುಖ ಕಣ್ಣ ಮುಂದೆ ಬರುತ್ತದೆ: ದೊಡ್ಡ ಕಾರು, ಬಂದೂಕು, ಬೆಂಗಳೂರಿನ ಪಾರ್ಟಿ. ಈ ಮೂರು ತಾಲ್ಲೂಕುಗಳಂಥ ಬಯಲುಸೀಮೆಯಿಂದ ಕೋರ್ಟಿಗೆ ಹೋಗುವವರು ಬೇರೆ. ಒಬ್ಬ, ಎರಿ ಹೊಲದ ಸಣ್ಣ ರೈತ ಅಥವಾ ಲಾವಣಿಗೆ ಹೊಲ ಹಿಡಿದವ. ಇನ್ನೊಬ್ಬ, ಯಾರದೋ ಚೀಲವನ್ನು ಬಸ್ಸಿನಲ್ಲೋ ಬೈಕಿನಲ್ಲೋ ಸಾಗಿಸಿದ ಹುಡುಗ. ಮೂರನೆಯವ, ಊರ ಹೊರಗೆ ಚಿಲುಮೆ ಸೇದುತ್ತ ಸಿಕ್ಕವ. ದೇಶದ ಜೈಲುಗಳ ಅಂಕಿ ಅಂಶವೂ ಇದಕ್ಕೆ ದೂರವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಲ್ಲಿ ಒಳಗಿರುವವರ ಪೈಕಿ ಸುಮಾರು ಮೂರನೇ ಎರಡರಷ್ಟು ಜನ ಹತ್ತನೇ ತರಗತಿ ದಾಟಿದವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ತೀರ್ಪು ಇನ್ನೂ ಬಾರದವರು. ಜಗತ್ತಿನ ಮಟ್ಟದಲ್ಲಿ ಜೈಲಿನಲ್ಲಿರುವ ಐವರಲ್ಲಿ ಒಬ್ಬರು ಮಾದಕವಸ್ತು ಪ್ರಕರಣದವರು ಎಂದು ವಿಶ್ವಸಂಸ್ಥೆಯ ವರದಿಗಳು ಹೇಳುತ್ತ ಬಂದಿವೆ.

ಇವರೆಲ್ಲರ ಶಿಕ್ಷೆಯನ್ನು ನಿರ್ಧರಿಸುವ ಕಾನೂನು 1985ರ ಮಾದಕವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ. ಅದಕ್ಕಿಂತ ಮೊದಲು ಗಾಂಜಾ ಅಬಕಾರಿಯ ಸರಕಾಗಿತ್ತು. ಈ ಸೀಮೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದ ಕಾಲಕ್ಕೆ ಅದನ್ನು ಪರವಾನಗಿ ಪಡೆದ ಅಂಗಡಿಗಳು ಮಾರುತ್ತಿದ್ದವು. 1893–94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂದಿತ್ತು. ಆರೂಢರು, ಅವಧೂತರ ಗದ್ದುಗೆಗಳ ಸುತ್ತ ಬಂಗಿ ಸೇದುವುದನ್ನು ಉತ್ತರ ಕರ್ನಾಟಕದ ಹಳಬರು ಅಪರಾಧವೆಂದು ನೋಡಿದ್ದೇ ಕಡಿಮೆ. 1961ರ ಅಂತರರಾಷ್ಟ್ರೀಯ ಮಾದಕವಸ್ತು ಒಪ್ಪಂದಕ್ಕೆ ಕೊಟ್ಟ ಮಾತಿನಂತೆ ಭಾರತ ಬಾಗಿಲು ಹಾಕಿತು. ಬಾಗಿಲು ಹಾಕಿದ ಸುದ್ದಿ ಮಾತ್ರ ಎಷ್ಟೋ ಹೊಲಗಳಿಗೆ ಪೊಲೀಸ್ ಜೀಪಿನ ಜೊತೆಗೇ ತಲುಪಿತು.

ಈ ಕಾಯ್ದೆ ಮನುಷ್ಯನನ್ನು ನೋಡುವುದಕ್ಕಿಂತ ಮೊದಲು ತಕ್ಕಡಿಯನ್ನು ನೋಡುತ್ತದೆ. 2001 ಮತ್ತು 2014ರ ತಿದ್ದುಪಡಿಗಳ ನಂತರದ ಲೆಕ್ಕ ಇದು: ಒಂದು ಕಿಲೋವರೆಗಿನ ಗಾಂಜಾ ‘ಅಲ್ಪ ಪ್ರಮಾಣ’, ಅದಕ್ಕೆ ಹೆಚ್ಚೆಂದರೆ ಒಂದು ವರ್ಷದ ಕಠಿಣ ಸಜೆ ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’, ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ಜೊತೆಗೆ ಒಂದರಿಂದ ಎರಡು ಲಕ್ಷ ರೂಪಾಯಿ ದಂಡ. ನಡುವಿನ ತೂಕಕ್ಕೆ ಹತ್ತು ವರ್ಷದವರೆಗೆ ಎಷ್ಟಾದರೂ. ಆ ಇಪ್ಪತ್ತರ ಗೆರೆ ದಾಟಿದವನಿಗೆ ಹತ್ತಕ್ಕಿಂತ ಒಂದು ದಿನ ಕಡಿಮೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿಲ್ಲ. ಆರೋಪಿ ಬಡವನೇ, ಮೊದಲ ಸಲ ತಪ್ಪು ಮಾಡಿದವನೇ, ಮನೆಯಲ್ಲಿ ದುಡಿಯುವವನು ಅವನೊಬ್ಬನೇ ಎಂಬ ಮಾತು ಅಲ್ಲಿ ನಡೆಯದು. ಶಿಕ್ಷೆಯನ್ನು ಕನಿಷ್ಠಕ್ಕಿಂತ ಹೆಚ್ಚಿಸಲು ಏನೇನು ಪರಿಗಣಿಸಬಹುದು ಎಂಬುದಕ್ಕೆ 32ಬಿ ಕಲಮಿನಲ್ಲಿ ಪಟ್ಟಿಯಿದೆ: ಆಯುಧ, ಹಿಂಸೆ, ಮಕ್ಕಳ ಬಳಕೆ, ಶಾಲೆಯ ಆವರಣ, ಸಂಘಟಿತ ಜಾಲ. ಇಳಿಸುವುದಕ್ಕೆ ಅಂಥ ಪಟ್ಟಿಯೇ ಇಲ್ಲ. ಶಿಕ್ಷೆ ಮುಗಿಯುವ ಮುನ್ನ ಸನ್ನಡತೆಯ ರಿಯಾಯಿತಿ ಸಿಗುವ ದಾರಿಯನ್ನೂ 32ಎ ಕಲಂ ಬಹುತೇಕ ಮುಚ್ಚಿದೆ.

ನಮ್ಮ ರೈತನ ಪ್ರಕರಣದಲ್ಲಿ ಒಂದು ವಿಚಿತ್ರ ತಿರುವಿದೆ. ಗಿಡ ಬೆಳೆದ ಅಪರಾಧಕ್ಕೆ, ಅಂದರೆ ಕಲಂ 20(ಎ)ಗೆ, ತೂಕದ ಮಾತೇ ಇಲ್ಲ. ಎರಡು ಗಿಡವಾಗಲಿ ಇನ್ನೂರು ಗಿಡವಾಗಲಿ, ಹತ್ತು ವರ್ಷದವರೆಗೆ ಸಜೆ, ಲಕ್ಷ ರೂಪಾಯಿವರೆಗೆ ದಂಡ, ಕನಿಷ್ಠ ಎಂಬುದು ಇಲ್ಲ. ಹಾಗಾದರೆ ದಾಳಿಯ ದಿನ ಹೊಲದ ಬದುವಿನಲ್ಲಿ ತೂಕದ ಯಂತ್ರ ಏಕೆ? ಗಿಡವನ್ನು ಕಿತ್ತು, ಕಟ್ಟು ಕಟ್ಟಿ, ‘ಹಸಿ ಗಾಂಜಾ ಇಂತಿಷ್ಟು ಕಿಲೋ’ ಎಂದು ಪಂಚನಾಮೆ ಬರೆದರೆ ಪ್ರಕರಣ ಕೃಷಿಯಿಂದ ದಾಸ್ತಾನಿಗೆ ಜಿಗಿಯುತ್ತದೆ. ತೂಕ ಇಪ್ಪತ್ತು ದಾಟಿತೋ, 37ನೇ ಕಲಂ ಅಡ್ಡ ಬರುತ್ತದೆ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ಕೋರ್ಟಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ದೋಷಾರೋಪ ಪಟ್ಟಿ ಸಲ್ಲಿಸುವ ಗಡುವೂ 180 ದಿನಕ್ಕೆ ಹಿಗ್ಗುತ್ತದೆ, ಸರ್ಕಾರಿ ಅಭಿಯೋಜಕರು ಕಾರಣ ಕೊಟ್ಟರೆ ಒಂದು ವರ್ಷದವರೆಗೂ.

ಈಗ ಆ ಕಟ್ಟಿನೊಳಗೆ ಇರುವುದೇನು? ಕಾಯ್ದೆಯ ಎರಡನೇ ಕಲಂ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಬೇರು, ಬೇರಿಗೆ ಮೆತ್ತಿದ ಮಣ್ಣು, ಹೆಬ್ಬೆರಳು ಗಾತ್ರದ ಕಾಂಡ ಯಾವ ವ್ಯಾಖ್ಯಾನದಲ್ಲೂ ಗಾಂಜಾ ಅಲ್ಲ. ಮಳೆಯಾದ ಮೇಲೆ ಎರಿ ಮಣ್ಣಿನಿಂದ ಒಂದು ಗಿಡ ಕಿತ್ತು ನೋಡಿದವರಿಗೆ ಗೊತ್ತು, ಬೇರಿನೊಂದಿಗೆ ಮೇಲೆ ಬರುವ ಹೆಂಟೆ ಎಷ್ಟು ಭಾರ ಎಂದು. ಕರ್ನಾಟಕ ಹೈಕೋರ್ಟ್ ಸೇರಿ ಹಲವು ಹೈಕೋರ್ಟ್‌ಗಳು ಇದೇ ಕಾರಣಕ್ಕೆ, ಹೂವಿನ ತುದಿಯನ್ನು ಬೇರ್ಪಡಿಸಿ ತೂಗಿಲ್ಲ ಎಂದು ಜಾಮೀನು ಕೊಟ್ಟ ಆದೇಶಗಳಿವೆ. ಆದರೆ ಆ ಆದೇಶ ಸಿಗುವ ಜಾಗ ಗದಗದ ವಿಶೇಷ ನ್ಯಾಯಾಲಯವನ್ನೂ ದಾಟಿ ಧಾರವಾಡದ ಹೈಕೋರ್ಟ್ ಪೀಠ. ಗಜೇಂದ್ರಗಡದ ಹಳ್ಳಿಯಿಂದ ಅಲ್ಲಿಗೆ ಹೋಗಿಬರುವ ಖರ್ಚು, ವಕೀಲರ ಫೀಜು, ಸುಗ್ಗಿಯ ದಿನಗಳು, ಎಲ್ಲವೂ ಆ ಮಣ್ಣಿನ ತೂಕದ ಮೇಲೆ ಸೇರಿಕೊಳ್ಳುವ ಬಡ್ಡಿ. ಇಲ್ಲಿ ನಿಜವಾದ ಶಿಕ್ಷೆ ತೀರ್ಪಿಗಿಂತ ಮೊದಲೇ ನಡೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪೊಲೀಸರು ಬೇಕೆಂದೇ ಮಣ್ಣು ತೂಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹೊಲದಲ್ಲಿ ನಿಂತು ಹೂ ಬಿಡಿಸುತ್ತ ಕೂರುವ ವ್ಯವಧಾನ ಯಾರಿಗಿದೆ?

ಹೊಲ ಯಾರದು ಎಂಬುದು ಮತ್ತೊಂದು ಗಂಟು. ಉತಾರದಲ್ಲಿ ಸತ್ತ ಅಪ್ಪನ ಹೆಸರು, ಅದರ ಕೆಳಗೆ ನಾಲ್ವರು ಅಣ್ಣತಮ್ಮಂದಿರ ಜಂಟಿ ಖಾತೆ, ಉಳುವವನು ಲಾವಣಿಯವ, ಲಾವಣಿಗೆ ಕಾಗದವಿಲ್ಲ. ಗೊತ್ತಿದ್ದೂ ತನ್ನ ಜಮೀನು ಬಳಸಲು ಬಿಟ್ಟ ಮಾಲೀಕನಿಗೆ 25ನೇ ಕಲಂ ಬೆಳೆದವನಷ್ಟೇ ಶಿಕ್ಷೆ ಹೇಳುತ್ತದೆ. ಗೊತ್ತಿದ್ದೂ ಸುದ್ದಿ ಮುಟ್ಟಿಸದ ಭೂಮಾಲೀಕನನ್ನು 46ನೇ ಕಲಂ ಹಿಡಿಯುತ್ತದೆ, ಊರ ಅಧಿಕಾರಿಗಳನ್ನು 47ನೇ ಕಲಂ. ಉಳಿದ ಅಪರಾಧಗಳಂತೆ ಇಲ್ಲಿ ಎಲ್ಲವನ್ನೂ ಪೊಲೀಸರೇ ಸಾಬೀತು ಮಾಡಬೇಕೆಂದಿಲ್ಲ. ಸ್ವಾಧೀನ ತೋರಿಸಿದರೆ, ಉದ್ದೇಶವಿರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯ ಹೆಗಲಿಗೆ. ಹಾಗಿದ್ದೂ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ, ಬೀಜ ಬಿದ್ದು ತಾನಾಗಿ ಹುಟ್ಟಬಲ್ಲ ಗಿಡವನ್ನು ಈತನೇ ಬೆಳೆದ ಎನ್ನಲು ಪುರಾವೆ ಎಲ್ಲಿ ಎಂದು ಕೇಳಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತ್ತು.

ಚೀಲ ಹೊತ್ತ ಹುಡುಗನ ಕತೆ ಇದಕ್ಕಿಂತ ಸರಳ, ಹಾಗಾಗಿ ಇನ್ನೂ ಕ್ರೂರ. ಒಡಿಶಾ ಮತ್ತು ಆಂಧ್ರದ ಗುಡ್ಡಗಳಿಂದ ಬರುವ ಸರಕಿನಲ್ಲಿ ಅವನ ಪಾಲು ಕೂಲಿಯಷ್ಟೇ. ಚೀಲದಲ್ಲಿ 21 ಕಿಲೋ ಇದ್ದರೆ ಹತ್ತು ವರ್ಷ ಮಾತ್ರ ಪೂರ್ತಿ ಅವನದೇ. ದಂಡದ ಲಕ್ಷ ಕಟ್ಟಲಾಗದಿದ್ದರೆ ಮತ್ತಷ್ಟು ಸಜೆ. 2007ರಲ್ಲಿ ಮಧ್ಯಪ್ರದೇಶದ ಬಡವನೊಬ್ಬನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಹತ್ತು ವರ್ಷವನ್ನು ಮುಟ್ಟಲಿಲ್ಲ, ದಂಡ ಕಟ್ಟದ್ದಕ್ಕೆ ಹಾಕಿದ್ದ ಮೂರು ವರ್ಷವನ್ನು ಆರು ತಿಂಗಳಿಗೆ ಇಳಿಸಿತು. 2023ರ ಮಾರ್ಚ್‌ನಲ್ಲಿ ದೆಹಲಿಯ ಗಾಂಜಾ ಪ್ರಕರಣವೊಂದರಲ್ಲಿ, ಏಳು ವರ್ಷ ದಾಟಿದರೂ ವಿಚಾರಣೆ ಮುಗಿಯದ ಯುವಕನಿಗೆ ಜಾಮೀನು ಕೊಟ್ಟು, ವಿಳಂಬವೂ 37ನೇ ಕಲಮಿನ ಬಿಗಿಯನ್ನು ಸಡಿಲಿಸಬಲ್ಲದು ಎಂದಿತು.

ಸೇದಿ ಸಿಕ್ಕವನ ಪ್ರಕರಣ ಬಹಳ ಸಲ ತಾಲ್ಲೂಕಿನ ಕೋರ್ಟಿನಲ್ಲೇ ತಪ್ಪೊಪ್ಪಿಗೆ, ದಂಡದೊಂದಿಗೆ ಮುಗಿಯುತ್ತದೆ. ಅವನಿಗೂ ಅವನ ಮನೆಯವರಿಗೂ ಹೆಚ್ಚಾಗಿ ತಿಳಿಯದ ಸಂಗತಿಯೆಂದರೆ, ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಲು 39ನೇ ಕಲಂ ಕೋರ್ಟಿಗೆ ಅವಕಾಶ ಕೊಟ್ಟಿದೆ. ತಾನಾಗಿ ಚಿಕಿತ್ಸೆಗೆ ಮುಂದಾದವನಿಗೆ 64ಎ ರಕ್ಷಣೆಯೂ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದು ಹೈಕೋರ್ಟ್ ಪೀಠ ಇರುವ ಊರಿನಲ್ಲೇ. ಪೊಲೀಸ್ ವ್ಯಾನು ಒಂದು ದಾರಿ ಬಲ್ಲದು, ಇನ್ನೊಂದನ್ನು ಕೇಳುವವರೇ ಕಡಿಮೆ.

ಬಂಧನದಲ್ಲಿರುವ ಯಾರಿಗಾದರೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ಇದಕ್ಕೇ. ಹೊಲದಿಂದ ಕರೆದೊಯ್ದವನ ಮನೆಯವರು ಅಲ್ಲಿಗೆ ಹೋದಾಗ ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಕಾಗದ ಪಂಚನಾಮೆಯ ಪ್ರತಿ. ಅದರಲ್ಲಿ ನೋಡಬೇಕಾದ್ದು ಇಷ್ಟು: ತೂಗಿದ್ದು ಹೂವನ್ನೋ ಇಡೀ ಗಿಡವನ್ನೋ, ಬೇರಿನ ಮಣ್ಣು ಝಾಡಿಸಿದ್ದರೋ ಇಲ್ಲವೋ, 52ಎ ಹೇಳುವಂತೆ ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆದರೋ ಇಲ್ಲವೋ, ಉತಾರದ ಸರ್ವೆ ನಂಬರಿಗೂ ದಾಳಿ ನಡೆದ ಹೊಲಕ್ಕೂ ತಾಳೆಯಾಗುತ್ತದೋ ಇಲ್ಲವೋ.