ಹೊಗೆಯಿಂದ ಬಲ: ಆರು ಸಿಲಿಂಡರುಗಳ ಟರ್ಬೊ ಎಂಜಿನನ್ನು ಮಿತವ್ಯಯದಲ್ಲಿ ಕಟ್ಟುವ ಬಗೆ

ತುಮಕೂರಿನಿಂದ ಶಿವಮೊಗ್ಗೆಯ ಕಡೆಗೆ ಹೊರಟ ಹೆದ್ದಾರಿಯು ಗುಬ್ಬಿಯನ್ನು ದಾಟಿ ತಿಪಟೂರಿನ ತೆಂಗಿನ ಸೀಮೆಯನ್ನು ಹೊಗುತ್ತದೆ. ಕೊಬ್ಬರಿ, ಸಿಮೆಂಟು, ಕಬ್ಬಿಣಗಳನ್ನು ಹೊತ್ತ ಲಾರಿಗಳು ಇಲ್ಲಿ ಹಗಲಿರುಳೆನ್ನದೆ ಸಾಗುತ್ತಿರುತ್ತವೆ. ಇದೇ ಗುಬ್ಬಿ ತಾಲ್ಲೂಕಿನಲ್ಲಿದೆ ಬಿದರೆಹಳ್ಳ ಕಾವಲ್. ಕಾವಲೆಂದರೆ ದನಗಳ ಮೇವಿಗಾಗಿ ಕಾಯ್ದಿಟ್ಟ ಬಯಲು. ಆ ಬಯಲಿನ ೬೧೫ ಎಕರೆಗಳಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆಯು ೨೦೨೩ರ ಫೆಬ್ರವರಿ ೬ರಂದು ಉದ್ಘಾಟನೆಯಾಯಿತು. ನೆಲದ ಮೇಲೆ ತೆವಳುವ ಲಾರಿಗೂ ಹಿಮಾಲಯದ ಮೇಲೆ ಹಾರುವ ಹೆಲಿಕಾಪ್ಟರಿಗೂ ಎತ್ತಣಿಂದೆತ್ತ ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವುಂಟು. ಎರಡಕ್ಕೂ ಎದುರಾಗುವ ತೊಡಕು ಒಂದೇ: ಗಾಳಿ ಸಾಲದು. ಪರಿಹಾರವೂ ಹೆಚ್ಚು ಕಡಮೆ ಒಂದೇ. ಆ ಪರಿಹಾರವನ್ನು ಸಾಮಾನ್ಯನ ಹಣದ ಅಳತೆಯಲ್ಲಿ ಸಾಧಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಗಾಳಿಯ ಲೆಕ್ಕ

ಒಂದೇ ಲಾರಿಯನ್ನು ಇಟ್ಟುಕೊಂಡು ಸಂಸಾರ ಸಾಗಿಸುವ ಯಜಮಾನನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಗಾಡಿ ಹೊರೆಸಮೇತ ೧೬ ಟನ್ನು. ಮಂಗಳೂರಿನಿಂದ ಶಿರಾಡಿ ಘಟ್ಟವನ್ನು ಹತ್ತಿ ಬರಬೇಕು. ದಾರಿಯು ೧೫ ಅಡಿಗೆ ೧ ಅಡಿಯಂತೆ ಏರುವ ಕಡೆ, ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ಹೋಗಲು ಚಕ್ರಗಳಿಗೆ ಸುಮಾರು ೯೦ ಅಶ್ವಶಕ್ತಿ ದೊರೆಯಬೇಕು. ಗಿಯರುಗಳಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಎಂಜಿನು ೧೦೦ ಅಶ್ವಶಕ್ತಿ ಕೊಡಬೇಕಾಗುತ್ತದೆ. ಇದಕ್ಕಿಂತ ಬೇಗ ಹತ್ತಬೇಕಾದರೆ ಬಲ ಹೆಚ್ಚಬೇಕು. ಹೊಸ ಎಂಜಿನು ಕೊಳ್ಳಲು ಹಣವಿಲ್ಲ. ಇರುವ ಎಂಜಿನಿಗೇ ಬಲ ತುಂಬಬಹುದೆ?

ಉದಾಹರಣೆಗೆ ಟಾಟಾ ಲಾರಿಗಳ ಪ್ರಸಿದ್ಧವಾದ ೬೯೭ ಎಂಜಿನನ್ನು ತೆಗೆದುಕೊಳ್ಳೋಣ. ಹೆಸರಿನಲ್ಲಿಯೇ ಅದರ ಜಾತಕವಿದೆ: ಸಿಲಿಂಡರುಗಳು ೬, ಒಂದೊಂದರ ವ್ಯಾಸ ೯೭ ಮಿಲಿಮೀಟರು. ಪಿಸ್ಟನ್ನಿನ ಓಟ ೧೨೮ ಮಿಲಿಮೀಟರು. ಗುಣಿಸಿ ನೋಡಿದರೆ ಒಟ್ಟು ಗಾತ್ರ ಸುಮಾರು ೫.೬೭ ಲೀಟರು. ಟಾಟಾದವರು ೧೯೫೪ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಲಾರಿಗಳ ತಯಾರಿಕೆಗೆ ತೊಡಗಿದವರು. ಆ ಸಂಸ್ಥೆಯು ೧೯೬೪ರಲ್ಲಿ ಹೊರತಂದ ಓಎಂ ೩೫೨ ಎಂಜಿನಿನ ಅಳತೆಯೂ ಇದೇ.

ಈ ಎಂಜಿನು ನಿಮಿಷಕ್ಕೆ ೨,೪೦೦ ಸಲ ತಿರುಗುವಾಗ, ಎರಡು ಸುತ್ತಿಗೊಮ್ಮೆ ಉಸಿರೆಳೆದುಕೊಳ್ಳುವುದರಿಂದ, ಹೆಚ್ಚೆಂದರೆ ೬,೮೦೦ ಲೀಟರು ಗಾಳಿಯನ್ನು ಒಳಗೆ ತೆಗೆದುಕೊಳ್ಳಬಲ್ಲದು. ಕವಾಟಗಳ ಇಕ್ಕಟ್ಟಿನಿಂದಾಗಿ ಸೇಕಡ ೮೫ರಷ್ಟು ಮಾತ್ರ ತುಂಬುತ್ತದೆಂದು ಹಿಡಿದರೆ, ಅದರ ತೂಕ ನಿಮಿಷಕ್ಕೆ ಸುಮಾರು ೬.೪ ಕಿಲೋಗ್ರಾಂ. ಕರಿಹೊಗೆಯಿಲ್ಲದೆ ಉರಿಯಲು ೧ ಪಾಲು ಡೀಸೆಲಿಗೆ ೨೦ ಪಾಲು ಗಾಳಿ ಬೇಕು. ಹೀಗೆ ಗಂಟೆಗೆ ಸುಮಾರು ೧೯ ಕಿಲೋಗ್ರಾಂ ಡೀಸೆಲು ಮಾತ್ರ ಚೆನ್ನಾಗಿ ಉರಿದೀತು. ಅದರಿಂದ ಹೊರಡುವ ಬಲ ೧೧೦ ಅಶ್ವಶಕ್ತಿಯ ಆಸುಪಾಸು. ಡೀಸೆಲನ್ನು ಹೆಚ್ಚಿಸುವುದು ಸುಲಭ, ಪಂಪಿನ ತಿರುಪನ್ನು ತಿರುಗಿಸಿದರಾಯಿತು. ಆದರೆ ಗಾಳಿಯಿಲ್ಲದ ಡೀಸೆಲು ಬಲವಾಗುವುದಿಲ್ಲ, ಮಸಿಯಾಗುತ್ತದೆ. ಆದುದರಿಂದ ಬಲವನ್ನು ಹೆಚ್ಚಿಸುವುದೆಂದರೆ ಮೊದಲು ಗಾಳಿಯನ್ನು ಹೆಚ್ಚಿಸುವುದೇ ಆಗಿದೆ.

ಸಾಲಾಗಿ ಆರೇ ಏಕೆ?

ಇಂತಹ ಕೆಲಸಕ್ಕೆ ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನನ್ನು ಜಗತ್ತಿನ ಯಂತ್ರಜ್ಞರೆಲ್ಲ ಮೆಚ್ಚಿರುವುದಕ್ಕೆ ಕಾರಣವಿದೆ. ಪಿಸ್ಟನ್ನು ಮೇಲೆ ಹೋಗುವಾಗ ಒಂದು ಕಡೆಗೂ ಕೆಳಗೆ ಬರುವಾಗ ಇನ್ನೊಂದು ಕಡೆಗೂ ಎಂಜಿನನ್ನು ಕುಲುಕುತ್ತದೆ. ನಾಲ್ಕು ಸಿಲಿಂಡರುಗಳ ಸಾಲಿನಲ್ಲಿ ಈ ಕುಲುಕಾಟವು ಪೂರ್ತಿಯಾಗಿ ಅಳಿಯುವುದಿಲ್ಲ, ಸುತ್ತಿಗೆ ಎರಡು ಸಲ ನಡುಗಿಸುವ ಶೇಷವೊಂದು ಉಳಿದೇ ಉಳಿಯುತ್ತದೆ. ಆರರ ಸಾಲಿನಲ್ಲಿ ಕ್ರ್ಯಾಂಕು ದಂಡದ ಮೊಣಕೈಗಳು ೧೨೦ ಡಿಗ್ರಿ ಅಂತರದಲ್ಲಿರುವುದರಿಂದ ಮುಂದಿನ ಮೂರರ ಕುಲುಕಾಟವನ್ನು ಹಿಂದಿನ ಮೂರು ಕನ್ನಡಿಯ ಬಿಂಬದಂತೆ ಎದುರಿಸಿ ಆ ಶೇಷವನ್ನೂ ಅಳಿಸುತ್ತವೆ. ೧-೫-೩-೬-೨-೪ ಎಂಬ ಕ್ರಮದಲ್ಲಿ ಸಿಲಿಂಡರುಗಳು ಉರಿಯುತ್ತವೆ. ಒಂದರ ನೂಕು ಮುಗಿಯುವ ಮೊದಲೇ ಇನ್ನೊಂದರ ನೂಕು ಆರಂಭವಾಗುವುದರಿಂದ ದಂಡವು ಎಲ್ಲಿಯೂ ಬಲವಿಲ್ಲದೆ ತಡೆಯುವುದಿಲ್ಲ.

ಇದಲ್ಲದೆ ಇಂತಹ ಎಂಜಿನುಗಳಲ್ಲಿ ಪ್ರತಿಯೊಂದು ಮೊಣಕೈಯ ಎರಡು ಪಕ್ಕಗಳಲ್ಲಿಯೂ ಬೇರಿಂಗು ಇದ್ದು, ಒಟ್ಟು ಏಳು ಬೇರಿಂಗುಗಳು ದಂಡವನ್ನು ಹಿಡಿದಿರುತ್ತವೆ. ಆದುದರಿಂದ ಹೆಚ್ಚಿನ ಬಲವನ್ನು ತಾಳಿಕೊಳ್ಳುವ ಶಕ್ತಿ ಇದಕ್ಕೆ ಹುಟ್ಟಿನಿಂದಲೇ ಬಂದಿದೆ. ೧೯೯೧ರಲ್ಲಿ ಜಪಾನಿನ ಟೊಯೋಟಾದವರು ತಂದ ೨ಜೆಜೆಡ್ ಎಂಬ ೩ ಲೀಟರಿನ ಪೆಟ್ರೋಲ್ ಎಂಜಿನು ಹವ್ಯಾಸಿಗಳ ಅಚ್ಚುಮೆಚ್ಚಿನದಾದದ್ದು ಅದರ ದಪ್ಪ ಎರಕದ ಕಬ್ಬಿಣದ ಮೈಯಿಂದಲೂ ಈ ಏಳು ಬೇರಿಂಗುಗಳಿಂದಲೂ ಎನ್ನಬೇಕು.

ಹೊಗೆಯ ಚಕ್ರ

ಎಂಜಿನಿಗೆ ಗಾಳಿಯನ್ನು ತುರುಕುವ ಪಂಪನ್ನು ತಿರುಗಿಸಲು ಬೇಕಾದ ಬಲ ಎಲ್ಲಿಂದ ಬರಬೇಕು? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಕಿ ಎಂಬ ಎಂಜಿನಿಯರನು ೧೯೦೫ರಲ್ಲಿ ಇದಕ್ಕೆ ಉತ್ತರವನ್ನು ಕಂಡು ಪೇಟೆಂಟು ಪಡೆದನು. ಸೈಲೆನ್ಸರಿನ ಮೂಲಕ ವ್ಯರ್ಥವಾಗಿ ಹೋಗುವ ಹೊಗೆಯಲ್ಲಿ ಇಂಧನದ ಶಕ್ತಿಯ ದೊಡ್ಡದೊಂದು ಪಾಲು ಅಡಗಿದೆ. ಅದರ ಹಾದಿಯಲ್ಲಿ ಒಂದು ಚಕ್ರವನ್ನಿಟ್ಟು, ಅದೇ ಅಚ್ಚಿನ ಇನ್ನೊಂದು ತುದಿಗೆ ಗಾಳಿಯನ್ನೊತ್ತುವ ಚಕ್ರವನ್ನು ಜೋಡಿಸಿದರಾಯಿತು. ಇದೇ ಟರ್ಬೊ. ಅಂಗೈಯಲ್ಲಿ ಹಿಡಿಯುವಷ್ಟಿರುವ ಈ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತುಗಳ ಮಟ್ಟದಲ್ಲಿ ತಿರುಗುತ್ತವೆ. ಸ್ವೀಡನ್ನಿನ ವೋಲ್ವೋ ಸಂಸ್ಥೆಯು ೧೯೫೪ರಲ್ಲಿ ತನ್ನ ಟೈಟನ್ ಲಾರಿಯ ೯.೬ ಲೀಟರಿನ ಆರು ಸಿಲಿಂಡರುಗಳ ಎಂಜಿನಿಗೆ ಟರ್ಬೊ ಜೋಡಿಸಿ, ೧೫೦ ಅಶ್ವಶಕ್ತಿಯನ್ನು ೧೮೫ಕ್ಕೆ ಏರಿಸಿತು. ನಮ್ಮ ಹೊಸಕೋಟೆಯಲ್ಲಿ ೧೯೯೮ರಿಂದ ಲಾರಿಗಳನ್ನು ತಯಾರಿಸತೊಡಗಿದ ಸಂಸ್ಥೆಯೂ ಇದೇ.

ನಮ್ಮ ಲಾರಿಗೆ ಮರಳೋಣ. ಟರ್ಬೊ ಗಾಳಿಯ ಒತ್ತಡವನ್ನು ೧.೮ ಪಟ್ಟು ಮಾಡಿತೆನ್ನೋಣ. ಆದರೆ ಸೈಕಲ್ ಪಂಪನ್ನು ಒತ್ತಿದವರೆಲ್ಲರೂ ಬಲ್ಲಂತೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ೨೭ ಡಿಗ್ರಿ ಸೆಂಟಿಗ್ರೇಡಿನ ಗಾಳಿ ಇಲ್ಲಿ ೧೦೫ ಡಿಗ್ರಿಗೆ ಏರುವುದು. ಬಿಸಿ ಗಾಳಿ ಹಿಗ್ಗುವುದರಿಂದ ಸಿಲಿಂಡರಿನೊಳಗೆ ಸೇರುವ ತೂಕ ೧.೮ ಪಟ್ಟಲ್ಲ, ೧.೪ ಪಟ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಎಂಬ ತಂಪುಗಾರವನ್ನಿಟ್ಟು ೬೦ ಡಿಗ್ರಿಗೆ ಇಳಿಸಿದರೆ ೧.೬ ಪಟ್ಟಾಗುತ್ತದೆ. ಅಂದರೆ ೧೧೦ ಅಶ್ವಶಕ್ತಿಯು ತಂಪುಗಾರವಿಲ್ಲದೆ ೧೫೫ರ ಹತ್ತಿರಕ್ಕೂ, ತಂಪುಗಾರದೊಡನೆ ೧೭೫ರ ಮೇಲಕ್ಕೂ ಏರೀತು. ೨೦ ಕಿಲೋಮೀಟರು ವೇಗದಲ್ಲಿ ಘಟ್ಟ ಹತ್ತುತ್ತಿದ್ದ ಗಾಡಿಯು ೩೫ರಲ್ಲಿ ಹತ್ತಬಲ್ಲದು.

ಹಣವನ್ನು ಎಲ್ಲಿ ಹಾಕಬೇಕು?

ಇಷ್ಟು ಓದಿದ ಯಜಮಾನನು ಗುಜರಿಯಿಂದ ಟರ್ಬೊ ಒಂದನ್ನು ತಂದು ಇಂದೇ ಸಿಕ್ಕಿಸಲು ಹೊರಟರೆ, ಅವನನ್ನು ನಾವು ತಡೆಯಬೇಕಾಗುತ್ತದೆ. ೯೭ ಮಿಲಿಮೀಟರು ವ್ಯಾಸದ ಪಿಸ್ಟನ್ನಿನ ತಲೆಯ ವಿಸ್ತೀರ್ಣ ೭೪ ಚದರ ಸೆಂಟಿಮೀಟರು. ಉರಿಯುವ ಕ್ಷಣದಲ್ಲಿ ಒಂದು ಚದರ ಸೆಂಟಿಮೀಟರಿಗೆ ೧೦೦ ಕಿಲೋಗ್ರಾಂ ಒತ್ತಡವಿದ್ದರೆ ಪಿಸ್ಟನ್ನಿನ ಮೇಲೆ ಬೀಳುವ ಭಾರ ೭.೪ ಟನ್ನು, ಟರ್ಬೊದಿಂದ ಅದು ೧೩೦ ಆದರೆ ಭಾರ ೯.೬ ಟನ್ನು. ಇಂತಹ ಪೆಟ್ಟು ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ೨೦ ಸಲ ಬೀಳುತ್ತದೆ. ಜೊತೆಗೆ ಉಷ್ಣವೂ ಹೆಚ್ಚುತ್ತದೆ. ಸಿದ್ಧತೆಯಿಲ್ಲದ ಎಂಜಿನಿನಲ್ಲಿ ಮೊದಲು ಹೆಡ್ ಗ್ಯಾಸ್ಕೆಟ್ ಹಾರುತ್ತದೆ, ಆಮೇಲೆ ಪಿಸ್ಟನ್ನಿನ ತಲೆ ಕರಗುತ್ತದೆ. ಘಟ್ಟದ ನಡುವೆ ನಿಂತುಹೋದ ಗಾಡಿಯೊಂದಿಗೆ ಒಂದು ಮನೆಯ ಅನ್ನವೂ ನಿಂತುಹೋಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನಿಜ. ಆದರೆ ಹಾಸಿಗೆಯನ್ನು ಎಲ್ಲಿ ಹರಡಬೇಕೆಂಬುದನ್ನೂ ತಿಳಿದಿರಬೇಕು. ಹಣವನ್ನು ಉಳಿಸಬಹುದಾದ ಮೊದಲ ಎಡೆ ಎಂಜಿನಿನ ಮೈ. ಎರಕದ ಕಬ್ಬಿಣದ ಹಳೆಯ ಬ್ಲಾಕು ಬಿರುಕಿಲ್ಲದೆ ಇದ್ದರೆ ಹೊಸದರಷ್ಟೇ ಉಪಯುಕ್ತ. ಸವೆದ ಸಿಲಿಂಡರಿಗೆ ಹೊಸ ಲೈನರನ್ನು ಕೂರಿಸಿದರೆ ಸಾಕು. ಕ್ರ್ಯಾಂಕು ದಂಡವನ್ನು ಬಿರುಕುಗಳಿಗಾಗಿ ಪರೀಕ್ಷಿಸಿ, ಲೇತಿನ ಅಂಗಡಿಯಲ್ಲಿ ಅಳತೆ ನೋಡಿಸಿ, ಬ್ಲಾಕಿನ ಮುಖ ಮಟ್ಟಸವಾಗಿದೆಯೇ ಎಂದು ತಿಳಿದುಕೊಳ್ಳಬೇಕು. ತಂಪುಗಾರವನ್ನೂ ಹಳೆಯ ಲಾರಿಯಿಂದ ಬಿಚ್ಚಿ ತರಬಹುದು. ಸೋರುವುದಿಲ್ಲವೆಂಬುದನ್ನು ನೀರಿನಲ್ಲಿ ಮುಳುಗಿಸಿ, ಗಾಳಿಯೂದಿ ನೋಡಿದರಾಯಿತು.

ಹಣವನ್ನು ಉಳಿಸಬಾರದ ಎಡೆಗಳೂ ಇವೆ. ಪಿಸ್ಟನ್ನು, ಉಂಗುರ, ಬೇರಿಂಗು, ಹೆಡ್ ಗ್ಯಾಸ್ಕೆಟ್ ಮತ್ತು ಹೆಡ್ಡಿನ ಬೋಲ್ಟುಗಳು ಹೊಸವಾಗಿಯೇ ಇರತಕ್ಕದ್ದು. ೬೯೭ ಎಂಜಿನು ಟರ್ಬೊ ಇಲ್ಲದೆಯೂ ಟರ್ಬೊ ಸಹಿತವಾಗಿಯೂ ತಯಾರಾಗಿದೆ. ಅಂತಹ ವಂಶದ ಎಂಜಿನನ್ನು ಆರಿಸಿಕೊಂಡರೆ, ಕಾರ್ಖಾನೆಯವರೇ ಟರ್ಬೊ ಬಗೆಗೆಂದು ರೂಪಿಸಿದ ಬಿಡಿಭಾಗಗಳನ್ನು ಉಪಯೋಗಿಸಿಕೊಳ್ಳಬಹುದು. ಮಿತವ್ಯಯದ ದೊಡ್ಡ ಗುಟ್ಟು ಇದೇ: ಬೇರೆಯವರು ಹಣ ಸುರಿದು ಪರೀಕ್ಷಿಸಿ ಮುಗಿಸಿರುವುದನ್ನು ನಾವು ಮತ್ತೆ ಪರೀಕ್ಷಿಸಬೇಕಾಗಿಲ್ಲ.

ಟರ್ಬೊ ಹಳೆಯದಾದರೆ ಅಚ್ಚನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಚಕ್ರವು ಗೂಡಿಗೆ ತಾಗುವಷ್ಟು ಸಡಿಲವಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಅಳತೆಯೂ ಹೊಂದಬೇಕು: ದೊಡ್ಡ ಟರ್ಬೊ ಎಚ್ಚರಗೊಳ್ಳುವ ಹೊತ್ತಿಗೆ ಏರೇ ಮುಗಿದಿರುತ್ತದೆ, ತೀರ ಚಿಕ್ಕದು ಹೊಗೆಯ ದಾರಿಯನ್ನೇ ಕಟ್ಟುತ್ತದೆ. ಅಚ್ಚು ನಿಂತಿರುವುದು ಎಣ್ಣೆಯ ತೆಳು ಪೊರೆಯ ಮೇಲೆ. ಆದುದರಿಂದ ಶುದ್ಧವಾದ ಎಣ್ಣೆ, ಎಣ್ಣೆ ಸರಾಗವಾಗಿ ಕೆಳಗಿಳಿಯುವ ಕೊಳವೆ, ಒಳ್ಳೆಯ ಗಾಳಿ ಸೋಸುಕ ಇವು ಅಗತ್ಯ. ಘಟ್ಟ ಹತ್ತಿದ ಕೂಡಲೆ ಎಂಜಿನನ್ನು ನಿಲ್ಲಿಸದೆ ಒಂದೆರಡು ನಿಮಿಷ ನಿಧಾನವಾಗಿ ಓಡಗೊಟ್ಟರೆ, ಕೆಂಪಗೆ ಕಾದ ಗೂಡಿನಲ್ಲಿ ಎಣ್ಣೆ ಸುಟ್ಟು ಕರಿಕಾಗುವುದಿಲ್ಲ. ಈ ಉಪಾಯಕ್ಕೆ ಕಾಸಿನ ಖರ್ಚೂ ಇಲ್ಲ. ಹೊಗೆಯ ಉಷ್ಣವನ್ನು ತೋರಿಸುವ ಮಾಪಕವೊಂದನ್ನು ಚಾಲಕನ ಮುಂದೆ ಇಟ್ಟರೆ, ಪಿಸ್ಟನ್ನು ಕರಗುವ ಮೊದಲೇ ಅವನು ಕಾಲನ್ನು ಸಡಿಲಿಸಬಲ್ಲನು. ಡೀಸೆಲ್ ಪಂಪನ್ನು ಮಾತ್ರ ಬಲ್ಲವರ ಕೈಯಲ್ಲಿ ಕೊನೆಯದಾಗಿ ಸರಿಪಡಿಸಬೇಕು. ಗಾಳಿ ಮೊದಲು, ಡೀಸೆಲು ಆಮೇಲೆ.

ಇನ್ನೊಂದು ಮಾತು. ವಾಹನದ ಎಂಜಿನನ್ನು ಮನಬಂದಂತೆ ಮಾರ್ಪಡಿಸಲು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ಎಡೆಗೊಡುವುದಿಲ್ಲ. ನೋಂದಣಿ ಅಧಿಕಾರಿಯ ಬಳಿ ವಿಚಾರಿಸಿಯೇ ಕೆಲಸಕ್ಕೆ ಕೈಹಾಕತಕ್ಕದ್ದು.

ಕಾವಲಿನಿಂದ ಹಿಮಾಲಯಕ್ಕೆ

೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರನು ವಿಮಾನದ ಎಂಜಿನೊಂದನ್ನು ಪೈಕ್ಸ್ ಪೀಕ್ ಎಂಬ ೧೪,೦೦೦ ಅಡಿಗೂ ಮಿಗಿಲಾದ ಶಿಖರಕ್ಕೆ ಸಾಗಿಸಿದನು. ತೆಳುವಾದ ಗಾಳಿಯಲ್ಲಿ ಸೊರಗಿದ ಆ ಎಂಜಿನು, ಟರ್ಬೊ ಜೋಡಿಸಿದೊಡನೆ ಸಮುದ್ರಮಟ್ಟದ ಬಲವನ್ನು ಮರಳಿ ಪಡೆಯಿತು. ಲಾರಿಯ ಸಾಧನವು ಆಕಾಶದ ಸಾಧನವೂ ಹೌದೆಂಬುದು ಅಂದೇ ಸಿದ್ಧವಾಯಿತು.

ಬಿದರೆಹಳ್ಳ ಕಾವಲಿನ ಕಾರ್ಖಾನೆಯನ್ನು ಕಟ್ಟಿರುವುದು ಮೊದಲಿಗೆ ೩ ಟನ್ನು ವರ್ಗದ ಲಘು ಹೆಲಿಕಾಪ್ಟರಿಗಾಗಿ. ಅದು ಮೊದಲು ಹಾರಿದ್ದು ೨೦೧೬ರ ಸೆಪ್ಟೆಂಬರಿನಲ್ಲಿ. ಅದರ ಒಂದೇ ಒಂದು ಎಂಜಿನು ಶಕ್ತಿ ಎಂಬ ವಂಶದ್ದು; ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ಫ್ರಾನ್ಸಿನ ಎಂಜಿನು ತಯಾರಕರು ಜೊತೆಗೂಡಿ ರೂಪಿಸಿದ್ದು. ಟರ್ಬೊದ ಎರಡು ಚಕ್ರಗಳ ನಡುವೆ ಇರುವ ಆರು ಸಿಲಿಂಡರುಗಳನ್ನು ತೆಗೆದುಹಾಕಿ, ಅಲ್ಲಿ ಎಡೆಬಿಡದೆ ಉರಿಯುವ ಒಲೆಯೊಂದನ್ನಿಟ್ಟರೆ ಏನಾಗುತ್ತದೆಯೋ ಅದೇ ಈ ಎಂಜಿನಿನ ತತ್ತ್ವ. ೨೦೧೯ರಲ್ಲಿ ಆ ಹೆಲಿಕಾಪ್ಟರನ್ನು ಲೇಹ್‌ನಿಂದ ಸುಮಾರು ೫,೦೦೦ ಮೀಟರು ಎತ್ತರದ ದೌಲತ್ ಬೇಗ್ ಓಲ್ಡಿಗೆ ಒಯ್ದು ಪರೀಕ್ಷಿಸಲಾಯಿತು. ಗಾಳಿಯ ಒತ್ತಡವು ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚಾಗಿರುವ ಆ ಎಡೆಗಳಲ್ಲಿ ಕಾವಲಿರುವ ಯೋಧರಿಗೆ ಆಹಾರ, ಔಷಧಿಗಳನ್ನು ಒಯ್ಯಲು ಇಂತಹ ವಾಹನಗಳನ್ನೇ ನಂಬಬೇಕಾಗಿದೆ.

ಕೊಬ್ಬರಿಯ ಲಾರಿಯ ಯಜಮಾನನಿಗೂ ಹಿಮದ ನಡುವಿನ ಯೋಧನಿಗೂ ಯಂತ್ರಶಾಸ್ತ್ರವು ಹೇಳುವ ಪಾಠ ಒಂದೇ: ಬಲ ಬೇಕಾದರೆ ಗಾಳಿಯನ್ನು ಒದಗಿಸು, ಒದಗಿಸಿದ ಗಾಳಿಯನ್ನು ತಾಳುವ ಮೈಯನ್ನು ಮೊದಲು ಕಟ್ಟು. ಗುಬ್ಬಿಯ ದಾರಿಯಲ್ಲಿ ಮುಂದೊಮ್ಮೆ ಲಾರಿಯೊಂದು ಸಣ್ಣಗೆ ಸಿಳ್ಳು ಹಾಕುತ್ತ ಏರನ್ನು ಹತ್ತುವುದನ್ನು ಕೇಳಿದಾಗ, ವ್ಯರ್ಥವಾಗಬೇಕಿದ್ದ ಹೊಗೆಯೇ ಅಲ್ಲಿ ದುಡಿಯುತ್ತಿದೆಯೆಂಬುದನ್ನು ವಾಚಕರು ನೆನೆಯಬಹುದು.