ಮೊಲಕ್ಕೆ ಯಾವ ಕಾಡತೂಸು?

ನಮ್ಮ ಕಡೆ ಮೊಲ ಅಂದ್ರೆ ಮಕ್ಕಳ ಕತೆಯ ಪ್ರಾಣಿ. ಆಮೆ ಜೊತೆ ಓಡಿ ಸೋಲುತ್ತೆ, ಸಿಂಹವನ್ನು ಬಾವಿಗೆ ಬೀಳಿಸುತ್ತೆ, ಹುಣ್ಣಿಮೆ ದಿನ ಚಂದ್ರನೊಳಗೆ ಕೂತು ಕಾಣುತ್ತೆ. ನಾನೀಗ ಇರುವ ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೋದಲ್ಲಿ ಮಾತ್ರ ಮೊಲದ ಹೆಸರೆತ್ತಿದರೆ ರೈತರು ಹಲ್ಲು ಕಡೀತಾರೆ.

ಇದು ಈ ದೇಶದ ಪ್ರಾಣಿಯೇ ಅಲ್ಲ. ಇಲ್ಲಿನ ನೆಲದಲ್ಲಿ ಮೂಲದಿಂದ ಇದ್ದ ಸಸ್ತನಿ ಅಂದರೆ ಬಾವಲಿ ಮಾತ್ರ. 19ನೇ ಶತಮಾನದಲ್ಲಿ ಯುರೋಪಿನಿಂದ ಬಂದವರು ಊಟಕ್ಕೂ ಬೇಟೆಗೂ ಆಗಲಿ ಅಂತ ಮೊಲ ತಂದು ಬಿಟ್ಟರು. 1876ರಷ್ಟು ಹಿಂದೆಯೇ ಮೊಲದ ಕಾಟಕ್ಕೆಂದೇ ಒಂದು ಕಾನೂನು ಮಾಡಬೇಕಾಯ್ತು! 1997ರಲ್ಲಿ ಯಾರೋ ಕಾನೂನುಬಾಹಿರವಾಗಿ ಮೊಲದ ರೋಗದ ವೈರಸ್ ತಂದು ಹರಡಿದರು. 2018ರಲ್ಲಿ ಅದರ ಹೊಸ ತಳಿಯನ್ನು ಅಧಿಕೃತವಾಗಿಯೇ ಬಿಟ್ಟರು. ಮೊಲ ಕಡಿಮೆಯಾಯ್ತು, ಮುಗಿಯಲಿಲ್ಲ. ಹತ್ತು ಮೊಲ ಸೇರಿದರೆ ಒಂದು ಕುರಿಯ ಮೇವು ತಿಂದು ಹಾಕ್ತವೆ ಅನ್ನೋದು ಇಲ್ಲಿನ ಲೆಕ್ಕ.

ನಾವಿರೋದು ಕ್ರಾಮ್‌ವೆಲ್ ಹತ್ತಿರದ ಒಂದು ಚೆರ್ರಿ ತೋಟದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಚಳಿಗಾಲ. ಹುಲ್ಲು ಸಿಗದಿದ್ದಾಗ ಮೊಲಗಳು ಎಳೆ ಗಿಡದ ತೊಗಟೆಗೆ ಬಾಯಿ ಹಾಕ್ತವೆ. ಕಾಂಡದ ಸುತ್ತ ಉಂಗುರದ ಹಾಗೆ ತೊಗಟೆ ಹೋಯ್ತೋ, ಆ ಗಿಡ ಸತ್ತ ಹಾಗೆಯೇ. ಅಡಿಕೆ ಸಸಿ ಕಿತ್ತು ಹಾಕುವ ಮಂಗಗಳನ್ನು ಕಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮೊದಲ ಕೆಲಸ ಕಾಂಡಕ್ಕೆ ಕವಚ ಸುತ್ತುವುದು, ಬೇಲಿಯ ಬಲೆಯ ಬುಡವನ್ನು ಮಣ್ಣಲ್ಲಿ ಹೂಳುವುದು. ಇಷ್ಟಾದ ಮೇಲೂ ಒಳಗೆ ಬಂದವಕ್ಕೆ ಕೋವಿ.

ಸಾಗರದ ಮನೆಯಲ್ಲಿ ಈ ವಿಷಯ ತಿಳಿದಾಗ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅದಕ್ಕೆ ನೋವಾಗ್ತದಲ್ಲೇ?” ನಾನು ಬಹಳ ಹೊತ್ತು ಯೋಚಿಸಿದ ಪ್ರಶ್ನೆ ಅದು. ನನಗೆ ಸಿಕ್ಕ ಉತ್ತರ ಇಷ್ಟು. ಗುಂಡು ಸರಿಯಾದ ಜಾಗಕ್ಕೆ ಬಿದ್ದರೆ ಮೊಲಕ್ಕೆ ಗೊತ್ತೇ ಆಗಲ್ಲ. ಎರಡು ಅಂಗುಲ ಆಚೀಚೆ ಆದರೆ ಅದು ಕುಂಟಿಕೊಂಡು ಬಿಲ ಸೇರಿ ನರಳಿ ಸಾಯುತ್ತೆ. ಹಾಗಾಗಿ ಯಾವ ಕಾಡತೂಸು ಅನ್ನೋದು ಬರೀ ಗಂಡಸರ ಹರಟೆಯ ವಿಷಯವಲ್ಲ. ನೋವಾಗ್ತದೋ ಇಲ್ಲವೋ ಅನ್ನೋದು ಅರ್ಧ ಅಲ್ಲೇ ತೀರ್ಮಾನ ಆಗೋದು.

ಅಂಚಿನಲ್ಲಿ ಮದ್ದು

ನಮ್ಮ ಮಲೆನಾಡಿನ ಹಳಬರಿಗೆ ಕೇಪಿನ ಕೋವಿ, ತೋಟಾ ಕೋವಿ ಗೊತ್ತು. ಇಲ್ಲಿ ಸಣ್ಣ ಪ್ರಾಣಿಗೆ ಬಳಸೋದು ರಿಮ್‌ಫೈರ್ ಕಾಡತೂಸು. ಬೆಂಕಿ ಹತ್ತಿಸುವ ಮದ್ದು ಹಿತ್ತಾಳೆ ಕೊಳವೆಯ ಹಿಂಬದಿಯ ಅಂಚಿನೊಳಗೇ ಇರುತ್ತೆ. ಕೋವಿಯ ಸೂಜಿ ಆ ಅಂಚನ್ನು ಜಜ್ಜಿದಾಗ ಈಡು ಹಾರುತ್ತೆ. ಅಂಚು ಜಜ್ಜಲು ಬರುವಷ್ಟು ತೆಳುವಾಗಿರಬೇಕಾದ್ದರಿಂದ ಒಳಗೆ ಹೆಚ್ಚು ಒತ್ತಡ ಕೂಡದು. ಅದಕ್ಕೇ ಇವೆಲ್ಲ ಸಣ್ಣ ಶಕ್ತಿಯವು, ಅಗ್ಗದವು. ಒಮ್ಮೆ ಹಾರಿಸಿದ ಕೊಳವೆಗೆ ಮತ್ತೆ ಮದ್ದು ತುಂಬಿ ಬಳಸುವ ಹಾಗಿಲ್ಲ.

ಗುಂಡಿನ ತೂಕ ಗ್ರೇನ್ ಲೆಕ್ಕದಲ್ಲಿ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ ಅಂದುಕೊಳ್ಳಿ. ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ.

.22 ಎಲ್‌ಆರ್: ಹುಟ್ಟಿದ್ದು 1887ರಲ್ಲಿ, ಅಮೆರಿಕದಲ್ಲಿ. ಸಾಮಾನ್ಯ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ, ಸುಮಾರು 21 ಗುಲಗಂಜಿ. ವೇಗದ ಬಗೆ ಸೆಕೆಂಡಿಗೆ ಸುಮಾರು 380 ಮೀಟರ್ ಓಡುತ್ತೆ. ಸಬ್‌ಸಾನಿಕ್ ಅನ್ನುವ ನಿಧಾನದ ಬಗೆ ಸುಮಾರು 320 ಮೀಟರ್, ಅಂದರೆ ಶಬ್ದಕ್ಕಿಂತ ಕಡಿಮೆ. ಹಾಗಾಗಿ ಗುಂಡು ಗಾಳಿ ಸೀಳುವ ‘ಚಟ್’ ಶಬ್ದ ಬರಲ್ಲ. ಇಲ್ಲಿ ಕೋವಿಗೆ ಸೈಲೆನ್ಸರ್ ಹಾಕಲು ಅನುಮತಿ ಇದೆ. ಎರಡೂ ಸೇರಿದರೆ ಒಂದು ಬಿದ್ದದ್ದು ಪಕ್ಕದ ಮೊಲಕ್ಕೂ ಅನೇಕ ಸಲ ತಿಳಿಯಲ್ಲ, ಪಕ್ಕದ ಮನೆಯವರ ನಿದ್ದೆಯೂ ಕೆಡಲ್ಲ.

.22 ಡಬ್ಲ್ಯುಎಂಆರ್: 1959ರಲ್ಲಿ ವಿಂಚೆಸ್ಟರ್ ಕಂಪನಿ ತಂದದ್ದು. ಅದೇ 40 ಗ್ರೇನ್ ಗುಂಡನ್ನು ಸುಮಾರು 570 ಮೀಟರ್ ವೇಗದಲ್ಲಿ ತಳ್ಳುತ್ತೆ. ಮೊಲಕ್ಕಿಂತ ದಪ್ಪಗಿರುವ ಕಾಡುಮೊಲ, ಪೊಸಮ್‌ಗಳಿಗೆ ಒಳ್ಳೆಯದು. ತಿನ್ನುವವರಿಗೆ ಮಾಂಸ ಹಾಳು.

.17 ಎಚ್‌ಎಂಆರ್: 2002ರಲ್ಲಿ ಹಾರ್ನಡಿ ಕಂಪನಿ ತಂದದ್ದು. ಡಬ್ಲ್ಯುಎಂಆರ್ ಕೊಳವೆಯ ಕುತ್ತಿಗೆ ಕಿರಿದು ಮಾಡಿ 17 ಗ್ರೇನ್‌ನ ಪುಟ್ಟ ಗುಂಡು ಕೂರಿಸಿದ್ದಾರೆ. ಬರೀ ಒಂಬತ್ತು ಗುಲಗಂಜಿ! ಆದರೆ ವೇಗ ಸುಮಾರು 775 ಮೀಟರ್. ಬೆಲೆ ಸಾದಾ .22ರ ಎರಡು-ಮೂರು ಪಟ್ಟು.

ನೆನಪಿಡಿ, ಕಾಡತೂಸು ಆರಿಸಿದರೆ ಕೋವಿಯನ್ನೇ ಆರಿಸಿದ ಹಾಗೆ. ಎರಡರ ಹೆಸರಲ್ಲೂ .22 ಇದೆ ಅಂತ ಎಲ್‌ಆರ್ ಅನ್ನು ಡಬ್ಲ್ಯುಎಂಆರ್ ಕೋವಿಗೆ ಹಾಕಬಾರದು. ಕೊಳವೆಯ ದಪ್ಪ ಬೇರೆ, ಒಡೆಯುವ ಅಪಾಯ ಇದೆ.

ದೂರ, ಗಾಳಿ, ಕಲ್ಲು

ಮೊಲದ ತಲೆಯಲ್ಲಿ ಗುರಿಯಿಡಬೇಕಾದ ಜಾಗ ಒಂದು ದಪ್ಪ ನೆಲ್ಲಿಕಾಯಿಯಷ್ಟು. ಈಗ ಲೆಕ್ಕ ಹಾಕಿ. ವೇಗದ .22 ಎಲ್‌ಆರ್ ಕೋವಿಯನ್ನು 50 ಮೀಟರಿಗೆ ಗುರಿ ಹೊಂದಿಸಿದರೆ, 100 ಮೀಟರಿನಲ್ಲಿ ಗುಂಡು ಒಂದು ಗೇಣಿಗೆ ಸ್ವಲ್ಪ ಕಡಿಮೆ ಕೆಳಗೆ ಬೀಳುತ್ತೆ. ಸಬ್‌ಸಾನಿಕ್ ಆದರೆ ಇನ್ನೂ ಕೆಳಗೆ. ಎಚ್‌ಎಂಆರ್ ಅನ್ನು 100 ಮೀಟರಿಗೆ ಹೊಂದಿಸಿದರೆ 50ರಲ್ಲೂ ಹೆಚ್ಚುಕಡಿಮೆ ಅದೇ ಗೆರೆಯಲ್ಲಿರುತ್ತೆ.

ಹಾಗಾದ್ರೆ ಎಚ್‌ಎಂಆರ್ ಕಣ್ಣುಮುಚ್ಚಿ ಕೊಳ್ಳಬಹುದಾ? ಗಾಳಿಯನ್ನು ಮರೀಬೇಡಿ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಇದ್ದರೆ 100 ಮೀಟರಿನಲ್ಲಿ ಅದೂ ಸುಮಾರು 10 ಸೆಂ.ಮೀ. ಪಕ್ಕಕ್ಕೆ ಹೋಗುತ್ತೆ. ನೆಲ್ಲಿಕಾಯಿ ಎಲ್ಲಿ, 10 ಸೆಂ.ಮೀ. ಎಲ್ಲಿ! ಮಧ್ಯಾಹ್ನ ಬೀಸುವ ವಾಯವ್ಯದ ಗಾಳಿಯಲ್ಲಿ ಯಾವ ಕಾಡತೂಸೂ ನಮ್ಮನ್ನು ಕಾಯಲ್ಲ. ನಾನು ಕೋವಿ ಹಿಡಿಯುವುದು ಗಾಳಿ ತಣ್ಣಗಾದ ಸಂಜೆಗೆ ಮಾತ್ರ.

ಇನ್ನು ಕಲ್ಲು. ಒಟಾಗೋದ ಗುಡ್ಡಗಳ ತುಂಬಾ ಬಂಡೆ. .22ರ ನಿಧಾನದ ಸೀಸದ ಗುಂಡು ಕಲ್ಲಿಗೋ ಗಟ್ಟಿ ನೆಲಕ್ಕೋ ತಗುಲಿ ಚಿಮ್ಮಿ ಬೇರೆ ಕಡೆ ಹಾರುತ್ತೆ. ಹಾರಿದ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲದು. ಎಚ್‌ಎಂಆರ್‌ನ ಪುಟ್ಟ ಗುಂಡು ತಗುಲಿದಲ್ಲೇ ಪುಡಿಯಾಗುವುದು ಹೆಚ್ಚು. ಆದರೂ ಯಾವುದಕ್ಕೇ ಆಗಲಿ, ಮೊಲದ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಕುದುರೆ ಒತ್ತಬಾರದು. ದಿಬ್ಬದ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ಕೂತ ಮೊಲ ಎಷ್ಟೇ ಹತ್ತಿರ ಇದ್ದರೂ ಅದನ್ನು ಬಿಟ್ಟುಬಿಡಬೇಕು.

ನಾವು ಆರಿಸಿದ್ದು

ನಮ್ಮ ತೋಟದ ಸಾಲುಗಳ ನಡುವೆ ಮೊಲ ಕಾಣೋದು ಹೆಚ್ಚೆಂದರೆ 50–60 ಮೀಟರ್ ದೂರದಲ್ಲಿ. ಬೇಲಿಯಾಚೆ ಮನೆಗಳಿವೆ, ಮಲಗುವ ಮಕ್ಕಳಿದ್ದಾರೆ. ಅದಕ್ಕೇ ನಮ್ಮದು .22 ಎಲ್‌ಆರ್, ಸಬ್‌ಸಾನಿಕ್. ಗುಡ್ಡದ ಮೇಲಿನ ಕುರಿ ಸಾಕಣೆಯವರಿಗೆ ಮೊಲ ಕಾಣೋದೇ 100 ಮೀಟರ್ ಆಚೆ, ಸುತ್ತ ಮನೆಗಳಿಲ್ಲ. ಅವರ ಹತ್ತಿರ ಎಚ್‌ಎಂಆರ್ ಇದೆ. ಇಬ್ಬರ ಆಯ್ಕೆಯೂ ಸರಿ. ‘ಯಾವುದು ಜೋರು’ ಅಂತ ಕೇಳೋ ಬದಲು ‘ಎಷ್ಟು ದೂರಕ್ಕೆ, ಹಿಂದೆ ಏನಿದೆ, ಕೇಳಿಸಿಕೊಳ್ಳೋರು ಯಾರಿದ್ದಾರೆ’ ಅಂತ ಕೇಳಿದರೆ ಉತ್ತರ ತಾನಾಗಿ ಸಿಗುತ್ತೆ.

ಒಂದೇ ಅಳತೆಯ ಕಾಡತೂಸಾದರೂ ಬ್ರ್ಯಾಂಡ್ ಬದಲಾದರೆ ಗುಂಡು ಬೀಳುವ ಜಾಗ ಬದಲಾಗುತ್ತೆ. ನಾಲ್ಕು ಬಗೆಯ ಒಂದೊಂದು ಪೆಟ್ಟಿಗೆ ತಂದು, 50 ಮೀಟರಿನಲ್ಲಿ ಕಾಗದಕ್ಕೆ ಐದೈದು ಗುಂಡು ಹೊಡೆದು ನೋಡಿದೆ. ಐದೂ ಒಂದು ರೂಪಾಯಿ ನಾಣ್ಯದಷ್ಟರಲ್ಲಿ ಬಿದ್ದ ಬಗೆಯನ್ನೇ ಇಟ್ಟುಕೊಂಡೆ. ಅದು ದುಬಾರಿಯದ್ದೇನೂ ಆಗಿರಲಿಲ್ಲ.

ಲೈಸೆನ್ಸ್ ಇಲ್ಲದೆ ಇಲ್ಲಿ ಇದ್ಯಾವುದೂ ಸಾಧ್ಯವಿಲ್ಲ. ಸುರಕ್ಷತೆಯ ಪರೀಕ್ಷೆ ಬರೆಯಬೇಕು. ಅಧಿಕಾರಿ ಮನೆಗೆ ಬಂದು ಕೋವಿ ಇಡುವ ಬೀರು ನೋಡ್ತಾರೆ, ಮನೆಯವರನ್ನು ಬೇರೆಯಾಗಿ ಕೂರಿಸಿ ಮಾತಾಡಿಸ್ತಾರೆ. ಕೋವಿ ಒಂದು ಕಡೆ, ಕಾಡತೂಸು ಇನ್ನೊಂದು ಕಡೆ, ಎರಡಕ್ಕೂ ಬೀಗ. ಮಕ್ಕಳಿರುವ ಮನೆಗೆ ಇದು ಒಳ್ಳೆಯ ನಿಯಮ.

ಇದನ್ನೋದಿ ನಮ್ಮೂರಲ್ಲಿ ಯಾರೂ ಕೋವಿ ಇಳಿಸಬೇಡಿ! ನಮ್ಮ ಕಾಡಿನ ಮೊಲ ಅಲ್ಲಿಯದೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಹೊಡೆದರೆ ಜೈಲು. ನರಿ, ಹದ್ದು, ಚಿರತೆ ಎಲ್ಲ ಇರುವ ಕಾಡಿನಲ್ಲಿ ಅದರ ಲೆಕ್ಕ ನೋಡಿಕೊಳ್ಳಲು ಬೇರೆಯವರಿದ್ದಾರೆ. ಇಲ್ಲಿ ಆ ಕೆಲಸ ಮನುಷ್ಯನ ಮೇಲೆ ಬಿದ್ದಿದೆ. ಮಾಡಲೇಬೇಕಾದ ಮೇಲೆ ಅಳೆದು, ತೂಗಿ, ಒಂದೇ ಗುಂಡಿಗೆ ಮುಗಿಯುವ ಹಾಗೆ ಮಾಡಬೇಕು. ಅನುಮಾನ ಬಂದ ಸಂಜೆ ಕೋವಿಯನ್ನು ಬೀರುವಿಗೆ ಸೇರಿಸಿ, ಗಿಡದ ಕವಚ ಬಿಗಿಯಾಗಿದೆಯಾ ಅಂತ ನೋಡಿಬಂದರೆ ಸಾಕು.