ಗುಮಟಾಪುರ: ಒಂದು ಗಡಿಯೂರಿನ ನೆಲ, ದನ ಮತ್ತು ಜನ

ತಾಳವಾಡಿ ಸೀಮೆಯ ಗುಮಟಾಪುರದ ಹೆಸರು ಈಗ ದೂರದವರೆಗೂ ಹೋಗಿದೆ. ಬಲಿಪಾಡ್ಯಮಿ ಕಳೆದ ಮರುದಿನ ಆ ಊರಿನವರು ಸಗಣಿಯ ರಾಶಿಯಲ್ಲಿ ಇಳಿದು ಒಬ್ಬರಿಗೊಬ್ಬರು ಎರಚಿಕೊಳ್ಳುವ ಗೋರೆ ಹಬ್ಬವೇ ಅದಕ್ಕೆ ಕಾರಣ. ಚಿತ್ರ ನೋಡಿ ನಕ್ಕವರು ಬಹಳ. ಊರು ಎಂಥ ನೆಲದಲ್ಲಿದೆ, ಅಲ್ಲಿ ಯಾರು ಬಾಳುತ್ತಾರೆ ಎಂದು ಕೇಳಿದವರು ಕಡಮೆ. ಒಕ್ಕಲುತನದ ಈ ಪುಟದಲ್ಲಿ ನಾವು ಅದನ್ನೇ ಹೇಳಲು ಹೊರಟಿದ್ದೇವೆ.

ಊರು ಸೇರಿರುವುದು ತಮಿಳುನಾಡಿನ ಈರೋಡು ಜಿಲ್ಲೆಗೆ. ಜಿಲ್ಲಾ ಕಚೇರಿಗೆ ಹೋಗಬೇಕಾದ ರೈತನು ಕಾಡು ಹಾಯ್ದು, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬನ್ನಾರಿಯಮ್ಮನ ಗುಡಿಯನ್ನು ದಾಟಿ, ಸತ್ಯಮಂಗಲದ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಬೇಕು. ಚಾಮರಾಜನಗರವೋ ಘಟ್ಟವಿಲ್ಲದ ದಾರಿ, ಹತ್ತಿರದ ಪೇಟೆ. ಸಂತೆ, ನಂಟಸ್ತನ, ಆಸ್ಪತ್ರೆ ಎಲ್ಲಕ್ಕೂ ಜನ ಅತ್ತಲೇ ಮುಖ ಮಾಡುವುದು ಸಹಜ. ಈ ಸೀಮೆ ಕೆಳಗಿನ ಬಯಲಿಗಿಂತ ಬಹಳ ಎತ್ತರದಲ್ಲಿರುವ ಮೇಲುನಾಡು. ನಡುವೆ ಹೊಲಗದ್ದೆ, ಅಂಚಿನಲ್ಲಿ ಬೆಟ್ಟ. ಇಲ್ಲಿ ಬಿದ್ದ ಮಳೆಯ ನೀರು ಸರಹದ್ದನ್ನು ಕೇಳುವುದಿಲ್ಲ. ಉತ್ತರಕ್ಕೆ ಹರಿದು ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಗಳನ್ನು ತುಂಬುತ್ತದೆ. ಮುಂದೆ ಅದು ಕಾವೇರಿಯ ಪಾಲು. ನೀರಿಗಿರುವ ಈ ಸಲೀಸು ಮನುಷ್ಯರಿಗಿಲ್ಲ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂದಾಗ ತಾಳವಾಡಿ ಮದರಾಸಿನಲ್ಲೇ ಉಳಿಯಿತು.

ರಾಗಿ, ಜೋಳ, ಹುರುಳಿ ಹಳೆಯ ಬೆಳೆಗಳು. ಕೊಳವೆಬಾವಿ ಬಂದ ಮೇಲೆ ಕಬ್ಬು, ಬಾಳೆ, ಅರಿಸಿನ, ಆಲೂಗೆಡ್ಡೆ, ಎಲೆಕೋಸು, ಟೊಮೇಟೊ ಹೆಚ್ಚಿದವು. ಕಬ್ಬು ಬಾಳೆಗಳೆಂದರೆ ಆನೆಗೂ ಪ್ರೀತಿಯೇ. ಸುತ್ತಲಿನ ಸತ್ಯಮಂಗಲದ ಕಾಡು 2008ರಲ್ಲಿ ಅಭಯಾರಣ್ಯವಾಗಿ, 2013ರಲ್ಲಿ ಹುಲಿ ಮೀಸಲು ಕಾಡಾಯಿತು. ಹೊಲಕ್ಕೆ ನುಗ್ಗಿ ಬೆಳೆ ಹಾಳುಮಾಡಿ ಪ್ರಾಣವನ್ನೂ ತೆಗೆದ ಕರುಪ್ಪನ್ ಎಂಬ ಒಂಟಿಸಲಗವನ್ನು ಹಲವು ಬಾರಿ ಯತ್ನಿಸಿ ಕಡೆಗೆ 2023ರ ಏಪ್ರಿಲಿನಲ್ಲಿ ಹಿಡಿದರು. ಒಂದು ಸಲಗ ಹೋದ ಮಾತ್ರಕ್ಕೆ ಅಟ್ಟಣೆಯ ಮೇಲಿನ ರಾತ್ರಿ ಕಾವಲು ತಪ್ಪಲಿಲ್ಲ. ಕಾಡಿನ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತವೆಂದು 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ದಿಂಬಂ ದಾರಿಯ ರಾತ್ರಿ ಸಂಚಾರಕ್ಕೆ ತಡೆ ಬಿದ್ದಿತು. ಪ್ರಾಣಿಗಳಿಗೆ ಅದು ಬೇಕಾದದ್ದೇ. ಆದರೆ ಸಂಜೆ ಕೊಯ್ದ ತರಕಾರಿ ಬೆಳಗಿನ ಮಾರುಕಟ್ಟೆಗೆ ತಲಪಬೇಕಾದವನ ಪೇಚನ್ನೂ ಬಲ್ಲವರು ಬಲ್ಲರು.

ಅದೇ 2022ರಲ್ಲಿ ಹುಲಿ ಮೀಸಲು ಕಾಡುಗಳಲ್ಲಿ ದನ ಮೇಯಿಸಕೂಡದೆಂದೂ ಆಜ್ಞೆಯಾಯಿತು. ಇದು ತಿಪ್ಪೆಗುಂಡಿಗೆ ನೇರವಾಗಿ ಮುಟ್ಟುವ ಸಂಗತಿ. ಪಕ್ಕದ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತ ಒಕ್ಕಲಿನವರು ತಲೆತಲಾಂತರದಿಂದ ಸಾಕಿಕೊಂಡು ಬಂದ ಕೆಂಪು ಮೈ, ಬಿಳಿ ಮಚ್ಚೆಯ ದನದ ತಳಿಯೊಂದಿದೆ. ಅದು ಕಾಡಿನ ದೊಡ್ಡಿಗಳಲ್ಲೇ ಬೆಳೆದ ತಳಿ. ಮೇವು ತಪ್ಪಿದರೆ ದನ ತಪ್ಪುತ್ತದೆ. ಉಳುವುದಕ್ಕೆ ಟ್ರ್ಯಾಕ್ಟರು ಬಂದ ಮನೆಯಲ್ಲಿ ಎತ್ತು ಉಳಿಯುವುದೂ ಕಷ್ಟ.

ಲೆಕ್ಕ ನೋಡಿ. ಒಂದು ಹಸು ದಿನಕ್ಕೆ 10 ಕಿಲೋ ಸಗಣಿ ಹಾಕಿದರೆ ವರ್ಷಕ್ಕೆ 3,650 ಕಿಲೋ ಆಯಿತು. ಮೇಯುವ ಕಡೆ ಬಿದ್ದದ್ದು, ಬೆರಣಿ ತಟ್ಟಿದ್ದು, ಕೊಳೆಯುವಾಗ ಇಳಿದ ತೂಕ ಎಲ್ಲವನ್ನೂ ಕಳೆದು ಒಂದೂವರೆ ಟನ್ ಗೊಬ್ಬರವೆಂದು ಹಿಡಿಯೋಣ. ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಅಂದರೆ ಎಕರೆಗೆ ಎರಡು ದನ. ಆ 3 ಟನ್ನಿನಲ್ಲಿರುವ ಸಾರಜನಕ ಸುಮಾರು 15 ಕಿಲೋ, ಎಂದರೆ 45 ಕಿಲೋ ಯೂರಿಯಾ ಚೀಲದ ಮುಕ್ಕಾಲು ಪಾಲಿನಷ್ಟು. ಇಷ್ಟೇ ಆದರೆ ಚೀಲವೇ ಸಾಕಲ್ಲ ಎನ್ನಬಹುದು. ಚೀಲದಲ್ಲಿ ರಂಜಕ ಪೊಟ್ಯಾಷುಗಳಿಲ್ಲ, ಮಣ್ಣಿಗೆ ತೇವ ಹಿಡಿಯುವ ಗುಣವನ್ನೂ ಅದು ಕೊಡಲಾರದು. ಮಳೆಯನ್ನು ನಂಬಿದ ಹೊಲಕ್ಕೆ ಈ ತೇವವೇ ದೊಡ್ಡದು. ತಿಪ್ಪೆಯನ್ನು ಬಿಸಿಲಿಗೂ ಮಳೆಗೂ ಬಿಟ್ಟವನು ಸತ್ವದಲ್ಲಿ ಬಹುಪಾಲು ಕಳೆದುಕೊಳ್ಳುತ್ತಾನೆ. ಗುಂಡಿ ತೋಡಿ, ಮೇಲೆ ಮಣ್ಣು ಮುಚ್ಚಿ, ಗಂಜಲವನ್ನೂ ಅದರೊಳಗೇ ಹರಿಸಬೇಕು.

ಗೋರೆ ಹಬ್ಬಕ್ಕೆ ದನವಿರುವ ಮನೆಗಳಿಂದ ಸಗಣಿ ಕೂಡಿಸಿ ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕುತ್ತಾರೆ. ಚಾಡಿಕೋರನೆಂಬ ವೇಷದವನನ್ನು ಕತ್ತೆಯ ಮೇಲೆ ಮೆರವಣಿಗೆ ಮಾಡುತ್ತಾರೆ. ಪೂಜೆಯಾಗಿ ಆಟ ಮುಗಿದ ಮೇಲೆ ಸಗಣಿಯನ್ನು ಹೊಲಗಳಿಗೆ ಒಯ್ಯುತ್ತಾರೆ. ಸಗಣಿ ಮೈಗೆ ತಾಗಿದರೆ ರೋಗ ಹೋಗುತ್ತದೆಂಬ ಮಾತೂ ಇದೆ. ನಂಬಿಕೆ ಅವರವರದು, ಆದರೆ ಸಗಣಿಯಲ್ಲಿ ಧನುರ್ವಾಯುವಿನ ಬೀಜ ಇರಬಹುದಾದ್ದರಿಂದ ಮೈಮೇಲೆ ಗಾಯವಿದ್ದವರು ದೂರ ನಿಲ್ಲುವುದು ಲೇಸು.

ಇನ್ನು ಜನ. ಈ ಮೇಲುನಾಡಿನಲ್ಲಿ ಲಿಂಗಾಯತರೂ ಸೋಲಿಗರೂ ಊರಾಳಿಗಳೂ ಇತರ ಹಲವು ಕುಲದವರೂ ಇದ್ದಾರೆ. ಮನೆಮಾತು ಬಹುಮಟ್ಟಿಗೆ ಕನ್ನಡ ಇಲ್ಲವೆ ಅದಕ್ಕೆ ನೆಂಟನಾದ ನುಡಿ. 2011ರ ಖಾನೇಶುಮಾರಿಯಂತೆ ತಮಿಳುನಾಡಿನ ಜನರಲ್ಲಿ ನೂರಕ್ಕೆ 1.78 ಮಂದಿಯ ತಾಯಿನುಡಿ ಕನ್ನಡ. ಕನ್ನಡದ ಲೆಕ್ಕದೊಳಗೆ ನೀಲಗಿರಿಯ ಬಡಗ ನುಡಿಯೂ ಸೇರಿದೆ; ಆ ನುಡಿಯವರು 1 ಲಕ್ಷ 33 ಸಾವಿರಕ್ಕೂ ಮೇಲಿದ್ದರು. ಅದಾದ ಮೇಲೆ 2021ರ ಎಣಿಕೆ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಮುಂದಿನ ಎಣಿಕೆಯ ದಿನವೆಂದು ಕೇಂದ್ರ ಸರ್ಕಾರ 2025ರ ಜೂನ್ 16ರಂದು ಪ್ರಕಟಿಸಿತು.

ಈ ಅಂಕಿಗಳಿಂದ ರೈತನಿಗೇನು ಎನ್ನಬೇಡಿ. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳ ತಾಯಿನುಡಿ ಒಂದೇ ಆಗಿದ್ದರೆ ಅದರಲ್ಲಿ ಪಾಠ ಹೇಳುವವರನ್ನು ಕೊಡಬೇಕೆಂದು 1949ರಲ್ಲಿ ಶಿಕ್ಷಣಮಂತ್ರಿಗಳ ಸಭೆ ಒಪ್ಪಿತು. ಪ್ರಾಥಮಿಕ ಪಾಠ ತಾಯಿನುಡಿಯಲ್ಲಿ ಸಿಗಬೇಕೆಂಬ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಸರ್ಕಾರಿ ಪ್ರಕಟಣೆಗಳನ್ನು ಅಲ್ಪಸಂಖ್ಯಾತರ ನುಡಿಯಲ್ಲೂ ಕೊಡಿಸಲು ಸ್ಥಳದ ಜನರಲ್ಲಿ ಅವರ ಪಾಲು ಎಷ್ಟೆಂಬುದು ನೋಡಲ್ಪಡುತ್ತದೆ. ಬೆಳೆಹಾನಿಯ ಅರ್ಜಿಯ ನಿಯಮ ತನಗೆ ಓದಲು ಬರುವ ಅಕ್ಷರದಲ್ಲಿರುವುದೂ ಇಲ್ಲದಿರುವುದೂ ಹೀಗೆ ತಲೆಯೆಣಿಕೆಗೆ ಗಂಟುಬಿದ್ದಿದೆ.

ಎಣಿಸುವವರು ಊರಿಗೆ ಬಂದಾಗ ಮಾಡಬೇಕಾದದ್ದು ಸ್ವಲ್ಪವೇ. ಎಳವೆಯಲ್ಲಿ ತಾಯಿ ಆಡಿದ ನುಡಿ ಯಾವುದೋ ಅದನ್ನು ಬಾಯಿಬಿಟ್ಟು ಹೇಳುವುದು. ಕನ್ನಡವಾದರೆ ಕನ್ನಡ, ತಮಿಳಾದರೆ ತಮಿಳು, ಸೋಲಿಗ ನುಡಿಯಾದರೆ ಅದೇ ಹೆಸರು. ತಮಿಳನ್ನು ಬಲ್ಲವರು ತಿಳಿದಿರುವ ಬೇರೆ ಭಾಷೆಯ ಕಲಮಿನಲ್ಲಿ ಅದನ್ನು ಬರೆಸಬಹುದು. 2011ರಲ್ಲಿ ಅಂಥ ಎರಡು ಭಾಷೆಗಳಿಗೆ ಜಾಗವಿತ್ತು. ಮನೆಯ ಯಜಮಾನ ಹೊಲದಲ್ಲಿದ್ದರೆ ಅವ್ವನೋ ಅಜ್ಜಿಯೋ ಹೇಳಿದರೂ ನಡೆಯುತ್ತದೆ. ಬರೆದದ್ದೇನೆಂದು ಕೇಳಿ ತಿಳಿದುಕೊಂಡು ಆಮೇಲೆ ಅವರನ್ನು ಬೀಳ್ಕೊಡಿ.